ಹದಿನೈದು ಭಾಷೆ ಕಲಿತ ಕಿರಾಣಿ ಅಂಗಡಿ ಹುಡುಗ



ನಮ್ಮಲ್ಲಿ ಇಂಗ್ಲಿಷ್ ಪಿರಿಯಡ್ ಅಂದ ಕೂಡಲೇ ಹೊಟ್ಟೆನೋವು ಬರೋರು ಬೇಕಾದಷ್ಟು ಜನ ಇದ್ದಾರೆ. ಹಿಂದಿಯೂ ಅಷ್ಟೇ. ಟ್ಯೂಷನ್ ಇಲ್ಲ, ಮನೆಯಲ್ಲಿ ಹೇಳಿಕೊಡೋರಿಲ್ಲ, ಹಳ್ಳಿಯವರಿಗೆ ಇದೆಲ್ಲ ಎಲ್ಲಿಂದ ಬರಬೇಕು ಅಂತ ಹೇಳಿಕೊಂಡು ಕೂತಿರುತ್ತೇವೆ. ಅಂಥವರು ಈ ಸಲದ ಜೀವನಚರಿತ್ರೆಯನ್ನು ನಿಂತುಕೊಂಡಾದರೂ ಪೂರ್ತಿ ಓದಬೇಕು. ಸ್ವಲ್ಪ ಉದ್ದ ಆಗಿದೆ. ಮಧ್ಯಾಹ್ನದ ಬಿಡುವಿನಲ್ಲಿ ಒಂದಷ್ಟು, ಸಂಜೆ ಗಂಟೆ ಹೊಡೆದ ಮೇಲೆ ಒಂದಷ್ಟು ಓದಿದರೂ ನಡೆದೀತು. ಓದುವಾಗ ಹಾಳೆಯ ಮೇಲೆ ಬೆರಳು ಇಡಬೇಡಿ, ಮಸಿ ಹರಡುತ್ತದೆ.

ಹೈನ್ರಿಕ್ ಶ್ಲೀಮನ್ ಎಂಬ ಹೆಸರನ್ನು ಚರಿತ್ರೆಯಲ್ಲಿ ಆಸಕ್ತಿ ಇರುವವರು ಕೇಳಿರಬಹುದು. ಮಣ್ಣಿನಡಿ ಹೂತುಹೋಗಿದ್ದ ಟ್ರಾಯ್ ಪಟ್ಟಣವನ್ನು ಅಗೆಸಿ ತೆಗೆದವನು ಅಂತ ಅವನಿಗೆ ಲೋಕದಲ್ಲೆಲ್ಲ ಹೆಸರು. ಆದರೆ ಸಲಿಕೆ ಹಿಡಿಸುವುದಕ್ಕೆ ಮೊದಲು ಅವನು ಏನು ಮಾಡಿದ, ಯಾವ ಅಟ್ಟದ ಮೇಲೆ ಕೂತು ಹೇಗೆ ಓದಿದ ಎಂಬುದೇ ನಮಗೆ ಹೆಚ್ಚು ಬೇಕಾದ ಕಥೆ.

ಶ್ಲೀಮನ್ ಹುಟ್ಟಿದ್ದು 1822ರ ಜನವರಿ 6ರಂದು, ಜರ್ಮನಿಯ ಉತ್ತರದ ಮೆಕ್ಲೆನ್‌ಬರ್ಗ್ ಸೀಮೆಯ ನೊಯ್‌ಬುಕೋ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಆಂಕರ್ಸ್‌ಹಾಗನ್ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಚರ್ಚಿನ ಪಾದ್ರಿ. ಮನೆ ತುಂಬ ಮಕ್ಕಳು. ಒಂಬತ್ತು ವರ್ಷದವನಿದ್ದಾಗ, 1831ರಲ್ಲಿ, ತಾಯಿ ತೀರಿಕೊಂಡಳು. ತಂದೆಯ ನಡತೆಯ ಬಗ್ಗೆ ಊರಲ್ಲಿ ಕೆಟ್ಟ ಮಾತು ಎದ್ದಿತು, ಕೆಲಸಕ್ಕೂ ಕುತ್ತು ಬಂತು. ಹುಡುಗನನ್ನು ದೊಡ್ಡ ಶಾಲೆಗೆ ಸೇರಿಸಿದ್ದರು, ಆದರೆ ಫೀಜು ಕಟ್ಟಲು ಗತಿಯಿಲ್ಲದೆ ಕೆಲವೇ ತಿಂಗಳಲ್ಲಿ ಬಿಡಿಸಿ ಕಡಿಮೆ ದರ್ಜೆಯ ಶಾಲೆಗೆ ಹಾಕಿದರು. 1836ರಲ್ಲಿ, ಹದಿನಾಲ್ಕು ವರ್ಷಕ್ಕೆ, ಅದೂ ಮುಗಿಯಿತು. ನಮ್ಮ ಲೆಕ್ಕದಲ್ಲಿ ಎಂಟೋ ಒಂಬತ್ತೋ ಕ್ಲಾಸು. ಅಲ್ಲಿಗೆ ಅವನ ಸ್ಕೂಲು ಮುಗಿದ ಹಾಗೆ.

ಫ್ಯೂರ್‌ಸ್ಟೆನ್‌ಬರ್ಗ್ ಎಂಬ ಊರಿನ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟರು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೆ ದುಡಿತ. ಉಪ್ಪುಮೀನು, ಬೆಣ್ಣೆ, ಉಪ್ಪು, ಸಕ್ಕರೆ, ಕಾಫಿ, ಎಣ್ಣೆ, ಮೇಣದ ಬತ್ತಿ, ಆಲೂಗಡ್ಡೆ ಸಾರಾಯಿ ತೂಗಿ ಅಳೆದು ಕೊಡೋದು, ಅಂಗಡಿ ಗುಡಿಸೋದು. ಐದೂವರೆ ವರ್ಷ ಹೀಗೇ ಕಳೆಯಿತು. ಪುಸ್ತಕ ಮುಟ್ಟುವುದಕ್ಕೆ ಪುರುಸೊತ್ತಿರಲಿಲ್ಲ. ಶಾಲೆಯಲ್ಲಿ ಕಲಿತಿದ್ದ ನಾಲ್ಕಕ್ಷರವೂ ಮರೆತುಹೋಯಿತು.

ಈ ಅಂಗಡಿಯಲ್ಲೇ ಒಂದು ಸಂಗತಿ ನಡೆಯಿತು ಎಂದು ಅವನು ದೊಡ್ಡವನಾದ ಮೇಲೆ ಬರೆದಿದ್ದಾನೆ. ಒಂದು ರಾತ್ರಿ ಕುಡುಕನೊಬ್ಬ ಅಂಗಡಿಗೆ ಬಂದ. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಒಂದು ಕಾಲಕ್ಕೆ ಚೆನ್ನಾಗಿ ಓದಿದ್ದವನಂತೆ, ಆಮೇಲೆ ಕುಡಿತಕ್ಕೆ ಬಿದ್ದು ಹಾಳಾಗಿದ್ದ. ಅವನು ನಿಂತಲ್ಲೇ ಹೋಮರನ ಕಾವ್ಯದ ನೂರು ಸಾಲುಗಳನ್ನು ಹಳೇ ಗ್ರೀಕ್ ಭಾಷೆಯಲ್ಲೇ ರಾಗವಾಗಿ ಹೇಳಿದ. ಹುಡುಗನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಆ ನಾದಕ್ಕೆ ಮರುಳಾಗಿಬಿಟ್ಟ. ಕೈಯಲ್ಲಿದ್ದ ಚಿಲ್ಲರೆಯನ್ನೆಲ್ಲ ಕೊಟ್ಟು ಕುಡುಕನಿಗೆ ಮೂರು ಗ್ಲಾಸು ಸಾರಾಯಿ ಕೊಡಿಸಿ, ಮೂರು ಸಲ ಅದನ್ನೇ ಹೇಳಿಸಿ ಕೇಳಿದ. ಅರ್ಥ ತಿಳಿಯದೆಯೇ ಒಂದು ಪದ್ಯ ಮನಸ್ಸಿಗೆ ನಾಟೋದು ನಮಗೇನೂ ಹೊಸದಲ್ಲ. ಬಯಲಾಟದಲ್ಲಿ ಭಾಗವತರು ಹಳಗನ್ನಡದ ಪದ್ಯ ಎತ್ತಿದಾಗ ಎಷ್ಟು ಜನಕ್ಕೆ ಪದಪದ ಅರ್ಥ ಆಗುತ್ತದೆ? ಆದರೂ ಬೆಳಗಿನ ಜಾವದವರೆಗೆ ಕೂತು ಕೇಳುವುದಿಲ್ಲವೇ?

1841ರಲ್ಲಿ ಭಾರವಾದ ಪೀಪಾಯಿ ಎತ್ತಲು ಹೋಗಿ ಎದೆಗೆ ಪೆಟ್ಟಾಯಿತು. ಬಾಯಲ್ಲಿ ರಕ್ತ ಬಂತು. ಅಂಗಡಿ ಕೆಲಸ ಇನ್ನು ಆಗದು ಎಂದು ಹ್ಯಾಂಬರ್ಗಿಗೆ ಹೋದ. ಅಲ್ಲೂ ಯಾರೂ ಇಟ್ಟುಕೊಳ್ಳಲಿಲ್ಲ. ದಕ್ಷಿಣ ಅಮೆರಿಕದ ವೆನೆಜುವೆಲಾಕ್ಕೆ ಹೊರಟ ಡೊರೊಥಿಯಾ ಎಂಬ ಹಡಗು ಹತ್ತಿದ. ಡಿಸೆಂಬರಿನ ಬಿರುಗಾಳಿಗೆ ಸಿಕ್ಕ ಆ ಹಡಗು ಹಾಲೆಂಡಿನ ಟೆಕ್ಸೆಲ್ ದ್ವೀಪದ ಹತ್ತಿರ ಒಡೆದುಹೋಯಿತು. ಬರಿಗೈಯಲ್ಲಿ ದಡ ಸೇರಿದ. ಹೀಗೆ ಹೋಗಬೇಕೆಂದದ್ದು ಅಮೆರಿಕ, ಮುಟ್ಟಿದ್ದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ಪಟ್ಟಣ. ವಯಸ್ಸು ಇಪ್ಪತ್ತು ತುಂಬುತ್ತಿತ್ತು.

ಅಲ್ಲಿ ಒಂದು ವ್ಯಾಪಾರದ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತು. ಹುಂಡಿಗಳಿಗೆ ಮೊಹರು ಒತ್ತೋದು, ಊರೆಲ್ಲ ಸುತ್ತಿ ಹಣ ತರೋದು, ಅಂಚೆ ಕಚೇರಿಗೆ ಕಾಗದ ಒಯ್ದು ತರೋದು. ಸಂಬಳ ವರ್ಷಕ್ಕೆ 800 ಫ್ರಾಂಕ್. ಅದರಲ್ಲಿ ಸರಿಯಾಗಿ ಅರ್ಧ ಓದಿಗೆ, ಉಳಿದರ್ಧ ಹೊಟ್ಟೆಗೆ ಬಟ್ಟೆಗೆ ಬಾಡಿಗೆಗೆ ಎಂದು ಗೆರೆ ಎಳೆದುಬಿಟ್ಟ. ಇದ್ದದ್ದು ಒಂದು ಅಟ್ಟದ ಕೋಣೆ, ತಿಂಗಳಿಗೆ 8 ಫ್ರಾಂಕ್ ಬಾಡಿಗೆ. ಚಳಿಗಾಲದಲ್ಲಿ ಬೆಂಕಿ ಇಲ್ಲದೆ ನಡುಗಬೇಕು, ಬೇಸಿಗೆಯಲ್ಲಿ ಬೇಯಬೇಕು. ಬೆಳಿಗ್ಗೆ ರೈ ಹಿಟ್ಟಿನ ಗಂಜಿ. ರೈ ಅಂದರೆ ಆ ಕಡೆ ಬೆಳೆಯುವ ಒಂದು ಧಾನ್ಯ, ನಮ್ಮ ರಾಗಿ ಅಂಬಲಿಯ ಹಾಗೆ ಅಂದುಕೊಳ್ಳಿ. ಇಷ್ಟರಲ್ಲಿ ಅವನು ಓದು ಶುರುಮಾಡಿದ.

ಮೊಟ್ಟಮೊದಲು ಅವನು ಕಲಿತದ್ದು ಏನು ಗೊತ್ತೇ? ಬರವಣಿಗೆ! ಅವನ ಅಕ್ಷರ ಯಾರೂ ಓದಲಾಗದ ಹಾಗಿತ್ತು. ಒಬ್ಬ ಹೆಸರಾಂತ ಅಕ್ಷರಗುರುವಿನ ಹತ್ತಿರ ದುಡ್ಡು ಕೊಟ್ಟು ಇಪ್ಪತ್ತು ಪಾಠ ಹೇಳಿಸಿಕೊಂಡು ಕೈಬರಹ ತಿದ್ದಿಕೊಂಡ. ಈ ಗೋಡೆಪತ್ರಿಕೆಗೆ ಕೋಳಿಕಾಲಿನ ಅಕ್ಷರದಲ್ಲಿ ಲೇಖನ ಬರೆದುಕೊಡುವವರು ಇದನ್ನು ಎರಡು ಸಲ ಓದಲಿ.

ಆಮೇಲೆ ಇಂಗ್ಲಿಷ್ ಹಿಡಿದ. ಇಲ್ಲಿ ಅವನು ಕಂಡುಕೊಂಡ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವ್ಯಾಕರಣದ ಸೂತ್ರಗಳನ್ನು ಉರು ಹೊಡೆಯುವುದನ್ನು ಅವನು ಬಿಟ್ಟುಬಿಟ್ಟ. ದಿನಾ ತಪ್ಪದೆ ಒಂದು ಗಂಟೆ ಪಾಠ. ಬಹಳ ಹೊತ್ತು ಗಟ್ಟಿಯಾಗಿ, ಬಾಯಿಬಿಟ್ಟು ಓದೋದು. ಓದಿದ್ದನ್ನು ತನ್ನ ಭಾಷೆಗೆ ಭಾಷಾಂತರ ಮಾಡುವ ಗೋಜಿಗೇ ಹೋಗದೆ ಇರೋದು. ತನಗೆ ಇಷ್ಟವಾದ ವಿಷಯದ ಮೇಲೆ ಆ ಭಾಷೆಯಲ್ಲೇ ಸಣ್ಣ ಪ್ರಬಂಧ ಬರೆಯೋದು, ಗುರುಗಳ ಎದುರಿಗೆ ಕೂತು ತಪ್ಪು ತಿದ್ದಿಸಿಕೊಳ್ಳೋದು. ತಿದ್ದಿದ ಪ್ರಬಂಧವನ್ನು ಬಾಯಿಪಾಠ ಮಾಡಿ ಮಾರನೇ ದಿನ ಒಪ್ಪಿಸೋದು.

ನಾವೂ ಬಾಯಿಪಾಠ ಮಾಡ್ತೀವಲ್ಲ ಅಂತ ಯಾರಾದರೂ ಕೇಳಬಹುದು. ನಾವು ಗೈಡಿನಲ್ಲಿ ಯಾರೋ ಬರೆದ ಪ್ರಬಂಧವನ್ನು ಬಾಯಿಪಾಠ ಮಾಡುತ್ತೇವೆ. ಅವನು ಮಾಡಿದ್ದು ತಾನೇ ಬರೆದದ್ದನ್ನು, ಅದೂ ತಿದ್ದಿಸಿಕೊಂಡ ಮೇಲೆ. ತನ್ನ ತಪ್ಪು ಯಾವುದು, ಅದರ ಜಾಗದಲ್ಲಿ ಸರಿ ಯಾವುದು ಎಂಬುದು ಹೀಗೆ ನಾಲಿಗೆಯ ಮೇಲೆಯೇ ಕೂತುಬಿಡುತ್ತದೆ. ಗೈಡಿನ ಹಸುವಿನ ಪ್ರಬಂಧ ಪರೀಕ್ಷೆ ಮುಗಿದ ಸಂಜೆಗೇ ಮರೆತುಹೋಗೋದು ಯಾಕೆ ಅಂತ ಈಗ ತಿಳಿಯಿತಲ್ಲ.

ಅವನ ನೆನಪಿನ ಶಕ್ತಿ ಮೊದಲಿಗೆ ಬಹಳ ಕಮ್ಮಿ ಇತ್ತು. ಅಷ್ಟು ವರ್ಷ ಅಂಗಡಿಯಲ್ಲಿ ತುಕ್ಕು ಹಿಡಿದಿತ್ತು. ಅದಕ್ಕೆ ಅವನು ಕಂಡ ಉಪಾಯ ಹೊತ್ತು ಕದಿಯೋದು. ಅಂಚೆ ಕಚೇರಿಗೆ ಹೋಗುವಾಗ ಮಳೆ ಬರುತ್ತಿದ್ದರೂ ಕೈಯಲ್ಲಿ ಪುಸ್ತಕ. ಸಾಲಿನಲ್ಲಿ ನಿಂತಾಗ ಪುಸ್ತಕ. ಭಾನುವಾರ ಎರಡು ಸಲ ಆ ಊರಿನ ಇಂಗ್ಲಿಷ್ ಚರ್ಚಿಗೆ ಹೋಗಿ ಕೂತು, ಪ್ರವಚನದ ಒಂದೊಂದು ಮಾತನ್ನೂ ತುಟಿಯಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಭಕ್ತಿಗಲ್ಲ, ಉಚ್ಚಾರಣೆಗೆ. ರಾತ್ರಿ ನಿದ್ದೆ ಬಾರದಿದ್ದರೆ ಸಂಜೆ ಓದಿದ್ದನ್ನು ಕತ್ತಲಲ್ಲೇ ಮತ್ತೆ ಮನಸ್ಸಿಗೆ ತಂದುಕೊಳ್ಳುತ್ತಿದ್ದ. ಮೂರು ತಿಂಗಳು ಕಳೆಯುವುದರೊಳಗೆ ಮೂರು ಸಲ ಗಮನವಿಟ್ಟು ಓದಿದರೆ ಇಪ್ಪತ್ತು ಪುಟ ಒಪ್ಪಿಸುವಷ್ಟಾಯಿತು ಎಂದು ಬರೆದುಕೊಂಡಿದ್ದಾನೆ. ಗೋಲ್ಡ್‌ಸ್ಮಿತ್ ಬರೆದ ವಿಕಾರ್ ಆಫ್ ವೇಕ್‌ಫೀಲ್ಡ್, ಸ್ಕಾಟ್ ಬರೆದ ಐವನ್‌ಹೋ ಎಂಬ ಎರಡು ಕಾದಂಬರಿಗಳು ಪೂರಾ ಬಾಯಿಗೆ ಬಂದವಂತೆ. ಆರು ತಿಂಗಳಲ್ಲಿ ಇಂಗ್ಲಿಷ್ ಆಯಿತು. ಮುಂದಿನ ಆರು ತಿಂಗಳಲ್ಲಿ ಫ್ರೆಂಚ್. ಅದಕ್ಕೆ ತೆಲೆಮಾಕ್, ಪಾಲ್ ಮತ್ತು ವರ್ಜೀನಿ ಎಂಬ ಎರಡು ಫ್ರೆಂಚ್ ಪುಸ್ತಕಗಳನ್ನು ಹಿಡಿದ. ಅಭ್ಯಾಸ ಕುದುರಿದ ಮೇಲೆ ಡಚ್, ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್ ಇವಕ್ಕೆ ತಲಾ ಆರು ವಾರ ಸಾಕಾಯಿತಂತೆ.

ಈ ಅಂತೆ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. ಇದನ್ನೆಲ್ಲ ಹೇಳಿದವನು ಅವನೇ. ತನ್ನ ವಿಷಯ ಹೇಳುವಾಗ ಕೈ ಸ್ವಲ್ಪ ಧಾರಾಳ ಮಾಡೋದು ಅವನ ಸ್ವಭಾವ. ಅದರ ಮಾತು ಮುಂದೆ ಬರುತ್ತದೆ. ಅದೂ ಅಲ್ಲದೆ ಫ್ರೆಂಚ್ ಬಂದವನಿಗೆ ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್ ಅಂದರೆ ಕನ್ನಡದವನಿಗೆ ತೆಲುಗು ಇದ್ದ ಹಾಗೆ, ಒಂದೇ ಮನೆತನದ ಭಾಷೆಗಳು. ಡಚ್ಚು ಅವನ ಜರ್ಮನ್ ಭಾಷೆಗೇ ತಂಗಿ, ಮೇಲಾಗಿ ಅವನು ಡಚ್ಚರ ಊರಲ್ಲೇ ಇದ್ದ. ಹಾಗಾಗಿ ಆರು ವಾರದಲ್ಲಿ ವ್ಯಾಪಾರದ ಕಾಗದ ಬರೆಯೋಷ್ಟು ಬಂತು ಅಂದರೆ ನಂಬಬಹುದು. ಪಂಡಿತನಾದ ಅಂತಲ್ಲ.

1844ರ ಮಾರ್ಚ್ ತಿಂಗಳಲ್ಲಿ ಶ್ರೋಡರ್ ಎಂಬ ದೊಡ್ಡ ವ್ಯಾಪಾರಿಗಳ ಕಚೇರಿಯಲ್ಲಿ ಕಾಗದಪತ್ರ, ಲೆಕ್ಕ ಬರೆಯುವ ಗುಮಾಸ್ತನ ಕೆಲಸ ಸಿಕ್ಕಿತು. ಅವರು ನೀಲಿ ವ್ಯಾಪಾರವನ್ನೂ ಮಾಡುತ್ತಿದ್ದರು. ನೀಲಿ ಅಂದರೆ ಬಟ್ಟೆಗೆ ಬಣ್ಣ ಹಾಕುವ ಗಿಡದ ನೀಲಿ. ಆ ಕಾಲದಲ್ಲಿ ಯುರೋಪಿಗೆ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಬಂಗಾಳದಿಂದ, ಮತ್ತೆ ಜಾವಾದಿಂದ. ಬಂಗಾಳದ ರೈತರ ಕೈಯಲ್ಲಿ ಬಲವಂತವಾಗಿ ನೀಲಿ ಬೆಳೆಸುತ್ತಿದ್ದ ತೋಟದ ದೊರೆಗಳ ವಿರುದ್ಧ 1859ರಲ್ಲಿ ರೈತರು ದಂಗೆ ಎದ್ದದ್ದನ್ನು ಸಮಾಜ ಪಾಠದಲ್ಲಿ ಓದಿದ್ದೇವೆ. ಶ್ಲೀಮನ್ ಮುಂದೆ ದೊಡ್ಡ ಸಾಹುಕಾರನಾದದ್ದು ಮುಖ್ಯವಾಗಿ ಈ ನೀಲಿಯಿಂದಲೇ. ಅದನ್ನೂ ನೆನಪಿಟ್ಟುಕೊಂಡೇ ಮುಂದೆ ಓದೋಣ.

ನೀಲಿ ಕೊಳ್ಳಲು ರಷ್ಯಾದ ವರ್ತಕರು ಆಮ್‌ಸ್ಟರ್‌ಡ್ಯಾಮಿನ ಹರಾಜಿಗೆ ಬರುತ್ತಿದ್ದರು. ಅವರ ಭಾಷೆ ಬಲ್ಲವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಶ್ಲೀಮನ್ ರಷ್ಯನ್ ಕಲಿಯಲು ನಿಂತ. ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಊರಿಗೆಲ್ಲ ಹುಡುಕಿದರೂ ರಷ್ಯನ್ ಬರುವವನು ಒಬ್ಬನೇ, ರಷ್ಯಾ ಸರ್ಕಾರದ ಒಬ್ಬ ಅಧಿಕಾರಿ. ಅವನು ಪಾಠ ಹೇಳಲು ಒಪ್ಪಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು ಮೂರು: ಒಂದು ಹಳೇ ವ್ಯಾಕರಣ, ಒಂದು ನಿಘಂಟು, ಮತ್ತೆ ತೆಲೆಮಾಕ್ ಪುಸ್ತಕದ ಒಂದು ಕೆಟ್ಟ ರಷ್ಯನ್ ಅನುವಾದ. ವ್ಯಾಕರಣ ಪುಸ್ತಕದಿಂದ ಅಕ್ಷರ ಮತ್ತು ಉಚ್ಚಾರಣೆ ಕಲಿತ. ಆಮೇಲೆ ತನ್ನ ಹಳೇ ಪದ್ಧತಿಯಂತೆ ಸಣ್ಣ ಸಣ್ಣ ಕಥೆ ಬರೆದ. ತಿದ್ದುವ ಗುರು ಇಲ್ಲವಲ್ಲ, ಬರೆದದ್ದೆಲ್ಲ ತಪ್ಪು. ಅದಕ್ಕೆ ತೆಲೆಮಾಕ್ ಪುಸ್ತಕವನ್ನೇ ಗುರು ಮಾಡಿಕೊಂಡ. ಆ ಪುಸ್ತಕ ಅವನಿಗೆ ಫ್ರೆಂಚಿನಲ್ಲಿ ಆಗಲೇ ಬಾಯಿಪಾಠ. ಯಾವ ಸಾಲಿನಲ್ಲಿ ಏನಿದೆ ಎಂದು ಗೊತ್ತು. ಗೊತ್ತಿರುವ ಸಾಲನ್ನು ರಷ್ಯನ್ನಿನಲ್ಲಿ ಬಾಯಿಪಾಠ ಮಾಡಿದರೆ ಯಾವ ಪದಕ್ಕೆ ಯಾವ ಪದ, ಮಾತು ಹೇಗೆ ಜೋಡಿಸುತ್ತಾರೆ ಎಂಬುದು ತಾನಾಗಿ ಹೊಳೆಯುತ್ತಾ ಹೋಗುತ್ತದೆ.

ಇದು ಬಹಳ ಜಾಣ ಉಪಾಯ. ಹೊಸ ಭಾಷೆ ಮತ್ತು ಹೊಸ ವಿಷಯ ಎರಡೂ ಒಟ್ಟಿಗೆ ಬಂದರೆ ತಲೆ ಎರಡು ಹೊರೆ ಹೊರಬೇಕಾಗುತ್ತದೆ. ವಿಷಯ ಗೊತ್ತಿದ್ದರೆ ಹೊರೆ ಒಂದೇ. ಮೊಲ ಮತ್ತು ಸಿಂಹದ ಕಥೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತು, ಅದನ್ನೇ ಇಂಗ್ಲಿಷಿನಲ್ಲಿ ಓದಿ ನೋಡಿ, ಅರ್ಧಕ್ಕರ್ಧ ಪದಗಳು ನಿಘಂಟು ನೋಡದೆಯೇ ತಿಳಿಯುತ್ತವೆ. ಕಂಪ್ಯೂಟರ್ ಭಾಷೆ ಕಲಿಯುವವರೂ ಹೀಗೇ ಮಾಡುವುದುಂಟು. ಒಂದು ಭಾಷೆಯಲ್ಲಿ ಮೊದಲೇ ಬರೆದು ಬಲ್ಲ ಸಣ್ಣ ಲೆಕ್ಕವನ್ನು, ಹತ್ತು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸೋದೋ, ಮಗ್ಗಿ ಬರೆಸೋದೋ, ಅದನ್ನೇ ಹೊಸ ಭಾಷೆಯಲ್ಲಿ ಮತ್ತೆ ಬರೆದು ನೋಡುತ್ತಾರೆ. ಲೆಕ್ಕ ಹಳೆಯದು, ಮಾತು ಮಾತ್ರ ಹೊಸದು. ಅಲ್ಲಿ ತಪ್ಪು ತಿದ್ದುವ ಗುರು ಯಂತ್ರವೇ. ಒಂದು ಚುಕ್ಕೆ ಬಿಟ್ಟರೂ ಮುಂದೆ ಹೋಗಲು ಬಿಡೋದಿಲ್ಲ.

ಇಷ್ಟಾದರೂ ಶ್ಲೀಮನ್‌ಗೆ ಒಂದು ಕೊರತೆ ಕಾಣಿಸಿತು. ಒಪ್ಪಿಸಿದ್ದನ್ನು ಕೇಳೋರು ಯಾರೂ ಇಲ್ಲ. ಗೋಡೆಗೆ ಎಷ್ಟು ಅಂತ ಹೇಳೋದು? ಕೊನೆಗೆ ಒಬ್ಬ ಬಡ ಯಹೂದಿಯನ್ನು ವಾರಕ್ಕೆ 4 ಫ್ರಾಂಕ್ ಕೊಟ್ಟು ಗೊತ್ತುಮಾಡಿದ. ಅವನ ಕೆಲಸ ದಿನಾ ಸಂಜೆ ಎರಡು ಗಂಟೆ ಬಂದು ಎದುರಿಗೆ ಕೂರೋದು, ರಷ್ಯನ್ ಕೇಳೋದು. ಅವನಿಗೆ ರಷ್ಯನ್ ಒಂದಕ್ಷರವೂ ಬರುತ್ತಿರಲಿಲ್ಲ! ಪಾಪ, ಆ ಮನುಷ್ಯ ಆ ಎರಡು ಗಂಟೆ ಹೇಗೆ ಕೂತಿರುತ್ತಿದ್ದನೋ. ಆದರೆ ಎದುರಿಗೆ ಎರಡು ಕಣ್ಣು ಇದ್ದರೆ ಹೇಳುವವನಿಗೆ ಒಂದು ಬಲ ಬರುತ್ತದೆ, ನಡುವೆ ನಿಲ್ಲಿಸಲು ನಾಚಿಕೆಯಾಗುತ್ತದೆ. ಇದಕ್ಕೆ ದುಡ್ಡೇ ಕೊಡಬೇಕೆಂದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಸಾಕು. ಅಜ್ಜಿಗೆ ಇಂಗ್ಲಿಷ್ ಬರಬೇಕಾಗಿಲ್ಲ, ತಡವರಿಸಿದರೆ ಅವಳಿಗೆ ಗೊತ್ತಾಗಿಯೇ ಆಗುತ್ತದೆ.

ಆ ಊರಿನ ಮನೆಗಳ ಮಾಳಿಗೆಗೆ ಒಂದೇ ಪದರ ಹಲಗೆ. ಮೇಲೆ ಕೂಗಿದರೆ ಕೆಳಗಿನ ಅಂತಸ್ತಿಗೆಲ್ಲ ಕೇಳಿಸುತ್ತದೆ. ದಿನಾ ಸಂಜೆ ಅರ್ಥವಾಗದ ಭಾಷೆಯಲ್ಲಿ ಗಂಟಲು ಹರಿದುಕೊಳ್ಳುವ ಈ ಬಾಡಿಗೆದಾರನ ಕಾಟ ತಡೆಯಲಾರದೆ ಅಕ್ಕಪಕ್ಕದವರು ದೂರು ಕೊಟ್ಟರು. ಎರಡು ಸಲ ಮನೆ ಬದಲಾಯಿಸಬೇಕಾಯಿತು. ಅವನು ಓದು ಮಾತ್ರ ಬಿಡಲಿಲ್ಲ. ಆರು ವಾರಕ್ಕೆ ರಷ್ಯನ್ ಭಾಷೆಯಲ್ಲಿ ಮೊದಲ ಕಾಗದ ಬರೆದ, ಮಾಸ್ಕೋದ ನೀಲಿ ವರ್ತಕರ ಲಂಡನ್ ಏಜೆಂಟನಿಗೆ. ಹರಾಜಿಗೆ ಬಂದ ರಷ್ಯನ್ನರ ಜೊತೆ ಅವರ ಮಾತಿನಲ್ಲೇ ವ್ಯವಹಾರ ಮಾಡಿದ. 1846ರ ಜನವರಿಯಲ್ಲಿ ಕಚೇರಿಯವರು ಅವನನ್ನೇ ತಮ್ಮ ಏಜೆಂಟನನ್ನಾಗಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಕಳಿಸಿದರು. ಕಿರಾಣಿ ಅಂಗಡಿ ಬಿಟ್ಟು ಐದು ವರ್ಷ ಆಗಿತ್ತು ಅಷ್ಟೇ.

ಮುಂದಿನ ಇಪ್ಪತ್ತು ವರ್ಷ ದುಡ್ಡಿನ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಸ್ವಂತ ವ್ಯಾಪಾರ ಶುರುಮಾಡಿದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಕಾಲದಲ್ಲಿ ಅಲ್ಲಿಗೆ ಹೋಗಿ ಸ್ಯಾಕ್ರಮೆಂಟೋ ಪಟ್ಟಣದಲ್ಲಿ ಚಿನ್ನದ ಪುಡಿ ಕೊಳ್ಳುವ ಬ್ಯಾಂಕು ಇಟ್ಟ. 1852ರಲ್ಲಿ ರಷ್ಯಾಕ್ಕೆ ವಾಪಸು ಬಂದು ಮದುವೆಯಾದ. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಸೀಸ ಮಾರಿ ಅಪಾರ ಲಾಭ ಮಾಡಿದ. ಯುದ್ಧದಲ್ಲಿ ಸತ್ತವರು ಸತ್ತರು, ಸಾಹುಕಾರ ಸಾಹುಕಾರನಾದ. ಇದರ ನಡುವೆಯೇ 1854ರಲ್ಲಿ ಸ್ವೀಡಿಷ್, ಪೋಲಿಷ್ ಕಲಿತ.

ಅಂಗಡಿಯಲ್ಲಿ ಕೇಳಿದ್ದ ಗ್ರೀಕ್ ಪದ್ಯ ಮನಸ್ಸಿನಿಂದ ಹೋಗಿರಲಿಲ್ಲ. ಆದರೂ ಆ ಭಾಷೆಯ ಹತ್ತಿರ ಅವನು ಇಷ್ಟು ವರ್ಷ ಸುಳಿದಿರಲಿಲ್ಲ. ಅದರ ಗುಂಗು ಹಿಡಿದರೆ ವ್ಯಾಪಾರ ಹಾಳಾದೀತು ಎಂಬ ಭಯ. 1856ರಲ್ಲಿ ಕೊನೆಗೂ ಧೈರ್ಯ ಮಾಡಿದ. ಮೊದಲು ಈಗಿನ ಜನ ಆಡುವ ಹೊಸ ಗ್ರೀಕ್. ಮತ್ತೆ ಅದೇ ಉಪಾಯ: ಪಾಲ್ ಮತ್ತು ವರ್ಜೀನಿ ಪುಸ್ತಕದ ಗ್ರೀಕ್ ಅನುವಾದ ತರಿಸಿ, ಫ್ರೆಂಚ್ ಮೂಲದ ಪಕ್ಕದಲ್ಲಿಟ್ಟುಕೊಂಡು ಪದಕ್ಕೆ ಪದ ಹೋಲಿಸುತ್ತಾ ಓದಿದ. ಒಂದು ಸಲ ಓದಿದಾಗ ಅರ್ಧ ಪದಗಳು ಬಂದವು, ಎರಡನೇ ಸಲಕ್ಕೆ ಹೆಚ್ಚುಕಮ್ಮಿ ಎಲ್ಲ. ಆಡುಮಾತು ಕೈಗೆ ಬಂದ ಮೇಲೆ ಅದರ ಮೆಟ್ಟಿಲಿನಿಂದ ಹಳೇ ಗ್ರೀಕ್‌ಗೆ ಹತ್ತಿದ. ಪಂಡಿತರು ಮಕ್ಕಳಿಗೆ ಮೊದಲು ಹಳೆಯದರ ವ್ಯಾಕರಣ ತುರುಕುತ್ತಾರೆ, ಅದು ತಲೆಕೆಳಗಾದ ದಾರಿ ಎಂಬುದು ಅವನ ವಾದ. ಹೊಸಗನ್ನಡ ಬಾರದವನಿಗೆ ನೇರವಾಗಿ ಪಂಪಭಾರತ ಕೊಟ್ಟರೆ ಏನಾದೀತು ಯೋಚಿಸಿ. ಆದರೆ ವ್ಯಾಕರಣವೇ ಬೇಡ ಎಂಬಷ್ಟು ದೂರ ನಾನು ಅವನ ಜೊತೆ ಹೋಗಲಾರೆ. ನಮ್ಮ ಕಿಟ್ಟೆಲ್ ಸಾಹೇಬರೂ ಅದೇ ಉತ್ತರ ಜರ್ಮನಿಯ ಕಡೆಯ ಪಾದ್ರಿಯ ಮಗನೇ, ಇವನಿಗಿಂತ ಹತ್ತು ವರ್ಷ ಚಿಕ್ಕವರು. ಅವರು ಕನ್ನಡ ಕಲಿತು ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎಲ್ಲ ಅರೆದು ಕುಡಿದು 1894ರಲ್ಲಿ ನಿಘಂಟು ಹೊರತಂದರು. ವ್ಯಾಪಾರಕ್ಕೆ ಬೇಕಾದ ಭಾಷೆ ಬೇರೆ, ನಿಘಂಟು ಮಾಡಲು ಬೇಕಾದ ಭಾಷೆ ಬೇರೆ.

1858ರಲ್ಲಿ ಲ್ಯಾಟಿನ್ ಹಿಡಿದ. ಅದೇ ವರ್ಷ ಈಜಿಪ್ಟಿನ ಕಡೆ ಪ್ರವಾಸ ಹೋದಾಗ ಅರಬ್ಬಿ ಕಲಿತ. ಆಮೇಲೆ ವ್ಯಾಪಾರ ಮುಚ್ಚಿ 1864ರಲ್ಲಿ ಲೋಕ ಸುತ್ತಲು ಹೊರಟ. ಆಗ ನಮ್ಮ ದೇಶಕ್ಕೂ ಬಂದು ಕಲ್ಕತ್ತ, ಕಾಶಿ, ಆಗ್ರಾ, ದೆಹಲಿ ನೋಡಿಕೊಂಡು ಚೀನಾ, ಜಪಾನ್ ಕಡೆ ಹೋದ. ಅವನದೊಂದು ಅಭ್ಯಾಸವಿತ್ತು. ಯಾವ ದೇಶದಲ್ಲಿರುತ್ತಾನೋ ಸಾಧ್ಯವಾದಷ್ಟೂ ಆ ದೇಶದ ಭಾಷೆಯಲ್ಲೇ ದಿನಚರಿ ಬರೆಯೋದು. ಅವನ 18 ದಿನಚರಿ ಪುಸ್ತಕಗಳು, ರಾಶಿ ರಾಶಿ ಕಾಗದಗಳು ಗ್ರೀಸಿನ ಅಥೆನ್ಸ್ ನಗರದ ಗೆನ್ನಾಡಿಯಸ್ ಗ್ರಂಥಾಲಯದಲ್ಲಿ ಇವೆ. ಅದರಲ್ಲಿ ಅವನ ಭಾಷೆಗಳೂ ಇವೆ, ತಪ್ಪುಗಳೂ ಇವೆ. ಆರು ವಾರದ ಮಾತು ಉತ್ಪ್ರೇಕ್ಷೆ ಇರಬಹುದು, ಆದರೆ ಅಷ್ಟು ಭಾಷೆಯಲ್ಲಿ ಅವನು ಬರೆಯುತ್ತಿದ್ದದ್ದು ಸುಳ್ಳಲ್ಲ ಎಂಬುದಕ್ಕೆ ಆ ಕಾಗದಗಳೇ ಸಾಕ್ಷಿ.

ಇನ್ನು ಟ್ರಾಯ್ ವಿಷಯ. ಹೋಮರನ ಇಲಿಯಡ್ ಕಾವ್ಯ ಟ್ರಾಯ್ ಯುದ್ಧದ ಕಥೆ. ಟ್ರಾಯ್ ರಾಜಕುಮಾರ ಪ್ಯಾರಿಸ್ ಗ್ರೀಕರ ರಾಣಿ ಹೆಲೆನಳನ್ನು ಕರೆದುಕೊಂಡು ಹೋದ, ಗ್ರೀಕರು ಸಮುದ್ರ ದಾಟಿ ಬಂದು ಹತ್ತು ವರ್ಷ ಮುತ್ತಿಗೆ ಹಾಕಿದರು. ನಮ್ಮ ರಾಮಾಯಣ ನೆನಪಾಗುತ್ತದೆ ಅಲ್ಲವೇ? ಅಂಥ ಊರು ನಿಜವಾಗಿ ಇತ್ತೇ ಎಂದು ಆ ಕಾಲದ ಬಹಳ ವಿದ್ವಾಂಸರಿಗೆ ಅನುಮಾನ. ಶ್ಲೀಮನ್ ಇತ್ತು ಎಂದು ನಂಬಿದ. 1868ರಲ್ಲಿ ತುರ್ಕಿ ದೇಶಕ್ಕೆ ಹೋದಾಗ ಹಿಸಾರ್ಲಿಕ್ ಎಂಬ ದಿಬ್ಬವೇ ಟ್ರಾಯ್ ಎಂದು ಅವನಿಗೆ ತೋರಿಸಿಕೊಟ್ಟವನು ಫ್ರಾಂಕ್ ಕಾಲ್ವರ್ಟ್. ಆ ದಿಬ್ಬದ ಒಂದು ಭಾಗ ಕಾಲ್ವರ್ಟನ ಸ್ವಂತ ಜಮೀನು, ಅಲ್ಲಿ ಅವನು ಮೊದಲೇ ಅಗೆದೂ ನೋಡಿದ್ದ. ಹೆಚ್ಚು ಅಗೆಸಲು ದುಡ್ಡಿರಲಿಲ್ಲ. ಹೆಸರು ಬಂದ ಮೇಲೆ ಶ್ಲೀಮನ್ ಆ ಉಪಕಾರವನ್ನು ಸರಿಯಾಗಿ ನೆನೆಯಲಿಲ್ಲ. ಇದು ಸಣ್ಣ ತಪ್ಪಲ್ಲ.

1869ರಲ್ಲಿ ರಷ್ಯಾದ ಹೆಂಡತಿಯನ್ನು ಬಿಟ್ಟು ಗ್ರೀಸಿನ ಸೋಫಿಯಾ ಎಂಬ ಹುಡುಗಿಯನ್ನು ಮದುವೆಯಾದ. ಅವಳಿಗೆ ಹದಿನೇಳು, ಇವನಿಗೆ ನಲವತ್ತೇಳು. ಗ್ರೀಕ್ ಕಲಿಸಿದ ಗುರುಗಳಲ್ಲಿ ಒಬ್ಬರೇ ಸಂಬಂಧ ತೋರಿಸಿದ್ದು. ಹುಟ್ಟಿದ ಮಕ್ಕಳಿಗೆ ಹೋಮರನ ಕಾವ್ಯದಿಂದಲೇ ಆಂಡ್ರೊಮಾಕಿ, ಅಗಮೆಮ್ನಾನ್ ಎಂದು ಹೆಸರಿಟ್ಟ.

1870ರ ದಶಕದಲ್ಲಿ ನೂರಾರು ಕೂಲಿಯಾಳುಗಳನ್ನು ಇಟ್ಟು ಹಿಸಾರ್ಲಿಕ್ ದಿಬ್ಬವನ್ನು ಅಗೆಸಿದ. ಹೋಮರನ ಟ್ರಾಯ್ ತೀರಾ ತಳದಲ್ಲಿರಬೇಕು ಎಂಬ ಆತುರದಲ್ಲಿ ದಿಬ್ಬದ ನಡುವೆ ಆಳವಾದ ಕಂದಕ ಹೊಡೆಸಿದ. ಆ ದಿಬ್ಬ ಒಂದೇ ಊರಲ್ಲ, ಒಂದರ ಮೇಲೊಂದು ಕಟ್ಟಿದ ಒಂಬತ್ತು ಊರುಗಳ ಪದರ. ಅವನು ಅಡ್ಡ ಬಂತೆಂದು ಕಿತ್ತು ಎಸೆದ ಮೇಲಿನ ಗೋಡೆಗಳಲ್ಲೇ ಅವನು ಹುಡುಕುತ್ತಿದ್ದ ಕಾಲದ ಊರಿನ ಭಾಗಗಳು ಇದ್ದವು. 1873ರಲ್ಲಿ ಚಿನ್ನದ ರಾಶಿ ಸಿಕ್ಕಿತು. ಇದು ಟ್ರಾಯ್ ದೊರೆ ಪ್ರಿಯಮನ ಖಜಾನೆ ಎಂದು ಸಾರಿದ. ಅದು ಪ್ರಿಯಮನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು ಎಂದು ಆಮೇಲೆ ಗೊತ್ತಾಯಿತು. ಸೋಫಿಯಾ ತನ್ನ ಶಾಲಿನಲ್ಲಿ ಚಿನ್ನ ಕಟ್ಟಿಕೊಂಡು ಸಾಗಿಸಿದಳು ಎಂದು ರಸವತ್ತಾಗಿ ಬರೆದ. ಆ ದಿನ ಅವಳು ಅಲ್ಲಿ ಇರಲೇ ಇಲ್ಲ, ಅಥೆನ್ಸಿನಲ್ಲಿದ್ದಳು. ಚಿನ್ನವನ್ನು ತುರ್ಕಿಯಿಂದ ಗುಟ್ಟಾಗಿ ಸಾಗಿಸಿದ್ದಕ್ಕೆ ಮೊಕದ್ದಮೆಯಾಗಿ ದಂಡವನ್ನೂ ಕಟ್ಟಿದ. ಆ ಚಿನ್ನ 1881ರಲ್ಲಿ ಬರ್ಲಿನ್ ಸೇರಿ, 1945ರಲ್ಲಿ ಎರಡನೇ ಮಹಾಯುದ್ಧದ ಕೊನೆಗೆ ಮಾಯವಾಯಿತು. ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದವರು 1996ರಲ್ಲಿ ಅದನ್ನು ಜನರಿಗೆ ತೋರಿಸಿದರು. 1876ರಲ್ಲಿ ಗ್ರೀಸಿನ ಮೈಸೀನಿಯಲ್ಲಿ ಅವನು ಅಗೆಸಿದಾಗ ಸಿಕ್ಕ ಚಿನ್ನದ ಮುಖವಾಡಗಳಂತೂ ಲೋಕಪ್ರಸಿದ್ಧ.

ಅವನ ದಿನಚರಿ, ಕಾಗದಗಳನ್ನು 1970ರ ದಶಕದಿಂದೀಚೆಗೆ ವಿದ್ವಾಂಸರು ಸೋಸಿ ನೋಡಿದರು. ಎಷ್ಟೋ ಕಡೆ ಅವನು ನಡೆಯದ್ದನ್ನು ನಡೆಯಿತು ಎಂದು ಬರೆದಿರೋದು ಹೊರಬಿತ್ತು. ಅಮೆರಿಕದ ಅಧ್ಯಕ್ಷರನ್ನು ಭೇಟಿಯಾದ ಕಥೆಯೂ ಅನುಮಾನದ್ದೇ. ಹಾಗಾದರೆ ಕುಡುಕನ ಗ್ರೀಕ್ ಪದ್ಯವೂ ಕಟ್ಟುಕಥೆಯೇ? ಇರಬಹುದು. ನಾನಂತೂ ಕಥೆಯನ್ನು ಕಥೆಯಾಗಿ, ಕೆಲಸವನ್ನು ಕೆಲಸವಾಗಿ ಬೇರೆ ಬೇರೆ ಇಟ್ಟಿದ್ದೇನೆ. ರಷ್ಯನ್ ಬಾರದಿದ್ದರೆ ಅವನನ್ನು ಸೇಂಟ್ ಪೀಟರ್ಸ್‌ಬರ್ಗಿಗೆ ಯಾರೂ ಕಳಿಸುತ್ತಿರಲಿಲ್ಲ. ಅದು ಕಚೇರಿಯವರ ಲೆಕ್ಕ, ಅವನ ಲೆಕ್ಕವಲ್ಲ.

ಅವನ ಭಾಷೆಗಳನ್ನು ಎಣಿಸಿದರೆ ಜರ್ಮನ್, ಇಂಗ್ಲಿಷ್, ಫ್ರೆಂಚ್, ಡಚ್, ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್, ರಷ್ಯನ್, ಸ್ವೀಡಿಷ್, ಪೋಲಿಷ್, ಹೊಸ ಗ್ರೀಕ್, ಹಳೇ ಗ್ರೀಕ್, ಲ್ಯಾಟಿನ್, ಅರಬ್ಬಿ, ತುರ್ಕಿ ಎಂದು ಹದಿನೈದಾಗುತ್ತವೆ. ಎಲ್ಲವೂ ಒಂದೇ ಮಟ್ಟದಲ್ಲಿ ಬರುತ್ತಿದ್ದವು ಎಂದಲ್ಲ.

ಮುಪ್ಪಿನಲ್ಲಿ ಅವನಿಗೆ ಕಿವಿನೋವು ಬಹಳ ಕಾಡಿತು. 1890ರ ನವೆಂಬರಿನಲ್ಲಿ ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಕಿವಿಗೆ ಆಪರೇಷನ್ ಆಯಿತು. ಅದು ಪೂರ್ತಿ ಮಾಯುವ ಮೊದಲೇ ಹಬ್ಬಕ್ಕೆ ಮನೆ ಸೇರಬೇಕೆಂದು ಅಥೆನ್ಸ್ ಕಡೆ ಹೊರಟ. ದಾರಿಯಲ್ಲಿ ಇಟಲಿಯ ನೇಪಲ್ಸ್ ಪಟ್ಟಣದಲ್ಲಿ ತಂಗಿದ್ದಾಗ, ಕ್ರಿಸ್ಮಸ್ ದಿನ ಬೀದಿಯಲ್ಲಿ ಕುಸಿದುಬಿದ್ದ. ಪ್ರಜ್ಞೆ ಇತ್ತು, ಆದರೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಯಾರು, ಯಾವ ದೇಶದವನು ಎಂದು ಸುತ್ತ ಸೇರಿದವರಿಗೆ ತಿಳಿಯಲಿಲ್ಲ. ಮಾರನೇ ದಿನ, 1890ರ ಡಿಸೆಂಬರ್ 26ರಂದು ತೀರಿಕೊಂಡ. ಅವನ ಸಮಾಧಿ ಅಥೆನ್ಸಿನಲ್ಲಿದೆ.